ಐದನೆಯ ಪ್ರಶ್ನೆ

ಕೈಲಾಶ ಕಾಕಾ ನನ್ನ ಮೇಜಿನ ಎದುರು ಕೂತ ದಿನ ನಾನು ಒಂದಕ್ಷರವೂ ಸುಳ್ಳು ಬರೆಯಲಿಲ್ಲ. ಅವರು ಹೇಳಿದ್ದನ್ನೇ ಬರೆದೆ. ಸೇಡು ತೀರಿಸಿಕೊಳ್ಳಲು ಅಷ್ಟು ಸಾಕಾಗಿತ್ತು.

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಡಾಕ್ಟರ್ ಮುನೀರೋದ್ದೀನರ ದವಾಖಾನೆ ಇದೆ. ಅಲ್ಲಿ ಕೇಸ್ ಪೇಪರ್ ಬರೆಯುವುದು ನನ್ನ ಕೆಲಸ. ಬಂದವರ ತೂಕ, ಬಿಪಿ ನೋಡುತ್ತೇನೆ. ನಲವತ್ತು ದಾಟಿದವರಾದರೆ ಆರು ಪ್ರಶ್ನೆ ಕೇಳುತ್ತೇನೆ. ಸಕ್ಕರೆ ಕಾಯಿಲೆ, ಬಿಪಿ, ಬೀಡಿ ತಂಬಾಕು, ಇವು ಮೊದಲಿನ ಮೂರು. ನಾಲ್ಕನೆಯದು, ತಂದೆಗೋ ಅಣ್ಣತಮ್ಮಂದಿರಿಗೋ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ ಬಂದಿತ್ತೇ ಎಂಬುದು. ಐದನೆಯದು ಎಲ್ಲಕ್ಕಿಂತ ಮುಖ್ಯ: ಹಿಂದೆ ಎಂದಾದರೂ ಹಾರ್ಟ್ ಅಟ್ಯಾಕ್ ಆಗಿತ್ತೇ, ಇಲ್ಲವೇ ಮುಖ ಸೊಟ್ಟಗಾಗಿ, ಕೈಯ ಶಕ್ತಿ ಹೋಗಿ, ಮಾತು ತೊದಲಿತ್ತೇ, ಐದು ನಿಮಿಷದ ಮಟ್ಟಿಗಾದರೂ? ಕೊನೆಯದು, ಈಗ ಯಾವ ಗುಳಿಗೆ ನುಂಗುತ್ತಿದ್ದೀರಿ, ಬಿಟ್ಟಿದ್ದರೆ ಯಾರು ಬಿಡಿಸಿದರು.

ಡಾಕ್ಟರು ಕೊಲೆಸ್ಟ್ರಾಲ್ ರಿಪೋರ್ಟನ್ನು ಕೈಗೆತ್ತಿಕೊಳ್ಳುವ ಮೊದಲು ಈ ಉತ್ತರಗಳನ್ನು ನೋಡುತ್ತಾರೆ. ರಿಪೋರ್ಟಿನಲ್ಲಿ ಒಂದು ಅಂಕಿ ಏರಿದೆ ಎಂದು ಎಲ್ಲರಿಗೂ ಗುಳಿಗೆ ಬರೆಯುವವರಲ್ಲ. ಬಗದಲ ಊರಿನ ರುಖ್ಸಾರ ಎಂಬ ಇಪ್ಪತ್ತೆಂಟರ ಹೆಣ್ಣುಮಗಳಿಗೆ ಬೇರೆ ಯಾರೋ ಕೊಲೆಸ್ಟ್ರಾಲ್ ಗುಳಿಗೆ ಬರೆದುಕೊಟ್ಟಿದ್ದರು. ಅವಳು ಮಗುವಿನ ನಿರೀಕ್ಷೆಯಲ್ಲಿದ್ದಾಳೆಂದು ತಿಳಿದ ಕೂಡಲೇ ನಮ್ಮ ಡಾಕ್ಟರು ಅದನ್ನು ಬಿಡಿಸಿದರು. ಅವಳ ವಯಸ್ಸಿಗೆ, ಅವಳಿಗಿದ್ದ ಅಂಕಿಗೆ ಅದರ ಅವಶ್ಯಕತೆಯೂ ಇರಲಿಲ್ಲ. ಅದೇ ವಾರ ಕರೀಮ ಸಾಬರು ಬಂದರು. ಒಮ್ಮೆ ಪಾರ್ಶ್ವವಾಯು ಹೊಡೆದು ಎದ್ದವರು. ರಿಪೋರ್ಟ್ ನಾರ್ಮಲ್ ಬಂದಿದೆ, ಇನ್ನು ಗುಳಿಗೆ ಸಾಕಲ್ಲ ಎಂದರು. ನಾರ್ಮಲ್ ಬಂದಿರುವುದು ಗುಳಿಗೆಯಿಂದಲೇ, ನಿಲ್ಲಿಸಬಾರದು ಎಂದು ಡಾಕ್ಟರು ಅವರನ್ನು ಅರ್ಧ ಗಂಟೆ ಕೂಡಿಸಿಕೊಂಡು ತಿಳಿಹೇಳಿದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಒಂದು ಮಾತು ಹೇಳಿದ್ದರು.

“ನಂಬರ್ ನೋಡಿ ಗುಳಿಗಿ ಕೊಡಬಾರದು ವಿಶಾಖಾ, ಮನಷ್ಯಾನ್ನ ನೋಡಿ ಕೊಡಬೇಕು. ಆ ಮನಷ್ಯಾ ನನಗ ಕಾಣೂದು ನಿನ್ನ ಕಾಗದದಾಗ.”

ಆ ಮಾತಿನಿಂದ ನನಗೆ ಹೆಮ್ಮೆಗಿಂತ ಭಯವೇ ಹೆಚ್ಚಾಯಿತು. ಬಿಪಿ ಎರಡು ಸಲ ನೋಡುತ್ತೇನೆ. ಬರೆದದ್ದನ್ನು ಎರಡು ಸಲ ಓದಿ ಒಳಗೆ ಕಳಿಸುತ್ತೇನೆ. ರೋಗಿ ಮರೆತದ್ದು, ಮುಚ್ಚಿಟ್ಟದ್ದು ನನಗೆ ಗೊತ್ತಿದ್ದರೆ ಉತ್ತರದ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆಯಬೇಕೆಂದು ಡಾಕ್ಟರೇ ಹೇಳಿದ್ದಾರೆ. ಹಾಗೆ ಎಷ್ಟೋ ಜನರಿಗೆ ಬರೆದಿದ್ದೇನೆ.

ಇಷ್ಟು ಜಾಗ್ರತೆ ನನಗೆ ಮೊದಲಿನಿಂದ ಇದ್ದಿದ್ದರೆ ನಮ್ಮಪ್ಪ ಇವತ್ತು ಇರುತ್ತಿದ್ದರೋ ಏನೋ. ಅವರ ಹೆಸರು ಪಂಢರಿ. ಔರಾದ ತಾಲ್ಲೂಕಿನ ಡಾಬಕಾದಲ್ಲಿ ತೊಗರಿ, ಸೋಯಾ ಬೆಳೆಯುತ್ತಿದ್ದರು. ಐವತ್ನಾಲ್ಕನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ಕೂತರು. ಬೀದರಿಗೆ ಒಯ್ದು ಸ್ಟೆಂಟ್ ಹಾಕಿಸಿದೆವು. ಆಗ ನಾನು ಬೀದರಿನಲ್ಲಿ ಹಗಲೆಲ್ಲ ಒಂದು ಲ್ಯಾಬಿನ ಕೌಂಟರಿನಲ್ಲಿ ಕೂತು, ಸಂಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಊರಲ್ಲಿ ಕಳೆದುಹೋಗುತ್ತದೆಂದು ಅಪ್ಪನ ಡಿಸ್ಚಾರ್ಜ್ ಕಾರ್ಡನ್ನು ನನ್ನ ಫೈಲಿನಲ್ಲೇ ಇಟ್ಟುಕೊಂಡೆ. ಅದರ ಹಿಂದಿನ ಪುಟದಲ್ಲಿ ಕೊಲೆಸ್ಟ್ರಾಲ್ ಗುಳಿಗೆಯ ಹೆಸರಿನ ಮುಂದೆ, ಜೀವನಪೂರ್ತಿ, ನಿಲ್ಲಿಸಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಏಳು ತಿಂಗಳ ಮೇಲೆ ರಕ್ತ ಪರೀಕ್ಷೆ ಆಯಿತು. ಅಂಕಿಗಳನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದವಳು ನಾನೇ. ಎಲ್ಲ ನಾರ್ಮಲ್ ಇದೆ ಎಂದೆ. ಹಾಗಾದರೆ ಕೋರ್ಸ್ ಮುಗಿಯಿತಲ್ಲ ಎಂದು ಅಪ್ಪ ಕೇಳಿದರು. ಜ್ವರದ ಗುಳಿಗೆಗೆ ಇರುವಂತೆ ಇದಕ್ಕೂ ಒಂದು ಕೋರ್ಸ್ ಇರುತ್ತದೆ, ರಿಪೋರ್ಟ್ ನಾರ್ಮಲ್ ಬಂದರೆ ಅದು ಮುಗಿದಂತೆ ಎಂದು ನಮ್ಮೂರಲ್ಲಿ ಎಲ್ಲರೂ ತಿಳಿದಿದ್ದರು. ಮರುದಿನ ನನಗೆ ಪರೀಕ್ಷೆ ಇತ್ತು. ನಮ್ಮ ಮನೆಯಲ್ಲಿ ಯಾರು ಏನು ಕೇಳಿದರೂ ಹೇಳುವ ಮಾತನ್ನೇ ನಾನೂ ಹೇಳಿ ಫೋನ್ ಇಟ್ಟೆ. ಕಾಕಾಗೆ ಕೇಳು ಎಂದೆ.

ಕೈಲಾಶ ಕಾಕಾ ಅಪ್ಪನ ತಮ್ಮ. ನಮ್ಮ ಮನೆತನದಲ್ಲಿ ಮೊದಲು ಮ್ಯಾಟ್ರಿಕ್ ದಾಟಿದವರು, ಮೊದಲು ನೌಕರಿ ಹಿಡಿದವರು. ಭಾಲ್ಕಿಯಲ್ಲಿ ಹೈಸ್ಕೂಲ್ ಮಾಸ್ತರ್. ಪಹಣಿ ಇರಲಿ, ಬ್ಯಾಂಕಿನ ನೋಟಿಸ್ ಇರಲಿ, ಮನೆಗೆ ಬಂದ ಕಾಗದ ಅವರ ಕೈಗೆ ಹೋಗಬೇಕು. ಅವರು ಕನ್ನಡಕ ಏರಿಸಿ, ಮನಸ್ಸಿನಲ್ಲೇ ಓದಿ, ಇದರ ಅರ್ಥ ಹೀಗೆ ಎಂದ ಮೇಲೆ ಎಲ್ಲರೂ ಎದ್ದು ಹೋಗುತ್ತಿದ್ದರು. ನಾನು ಡಿಗ್ರಿಗೆ ಬಂದ ಮೇಲೂ ಆ ರೂಢಿ ಹಾಗೇ ಇತ್ತು.

ನಾನು ಕಳಿಸಿದ ಆ ರಿಪೋರ್ಟ್ ಹಿಡಿದು ಅಪ್ಪ ಭಾಲ್ಕಿಗೆ ಹೋದರು. ನಾರ್ಮಲ್ ಇದ್ದವನಿಗೆ ಗುಳಿಗೆ ಯಾಕೆ ಎಂದರಂತೆ ಕಾಕಾ. ಕಾಲು ನೋಯುವುದು ಅದರಿಂದಲೇ, ಇನ್ನೂ ನುಂಗಿದರೆ ಲಿವರ್ ಹೋಗುತ್ತದೆ, ಅಗಸಿ ಚಟ್ನಿ ತಿಂದು ದಿನಾ ನಡೆದರೆ ಸಾಕು. ಅಪ್ಪ ಅಂದಿನಿಂದಲೇ ನಿಲ್ಲಿಸಿದರು. ಹದಿನಾಲ್ಕು ತಿಂಗಳಾದ ಮೇಲೆ ಔರಾದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕುಸಿದು ಬಿದ್ದರು. ಅವ್ವನ ಡಬ್ಬಿಯಲ್ಲಿ ಒಡೆಯದ ನಾಲ್ಕು ಪಟ್ಟಿ ಗುಳಿಗೆ ಸಿಕ್ಕಾಗಲೇ ನನಗೆ ವಿಷಯ ತಿಳಿದದ್ದು. ನಡುವೆ ನಾನು ಎಷ್ಟೋ ಸಲ ಊರಿಗೆ ಹೋಗಿದ್ದೆ. ಒಮ್ಮೆಯೂ ಕೇಳಿರಲಿಲ್ಲ.

ಅಷ್ಟೇ ಆಗಿದ್ದರೆ ನಾನು ಅತ್ತು, ನನ್ನನ್ನೇ ಬೈದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಡಾಬಕಾದ ಬುದ್ಧ ವಿಹಾರದ ಮುಂದೆ, ಅಪ್ಪನ ಕೊನೆಯ ವಿಧಿ ಮುಗಿದ ಮೇಲೆ, ಕಾಕಾ ನಲವತ್ತು ಜನರ ಎದುರು ಎದ್ದು ನಿಂತು ಮಾತಾಡಿದರು.

“ನಮ್ಮಣ್ಣ ಗಟ್ಟಿ ಆಳು ಇದ್ದ. ಈ ಹುಡುಗಿ ಬೀದರಿಂದ ಗುಳಿಗಿ ತಂದು ತಂದು ತಿನಿಸಿದಳು. ಸಂಜಿ ಕಾಲೇಜಿನ ಡಾಕ್ಟರ್‌ಬಾಯಿ. ಬಿಡು ಅಂತ ನಾ ಹೇಳೂದ್ರಾಗ ಮೈಯೆಲ್ಲಾ ಕಮ್ಜೋರ ಆಗಿಹೋಗಿತ್ತು.”

ಯಾರೋ ಪಾಪ ಎಂದರು. ಅವ್ವ ಮೀರಾಬಾಯಿ ತಲೆ ತಗ್ಗಿಸಿದಳು. ಆ ನಾಲ್ಕು ಪಟ್ಟಿ ನನ್ನ ಚೀಲದಲ್ಲೇ ಇದ್ದವು. ತೆಗೆದು ತೋರಿಸಲಿಲ್ಲ. ತೋರಿಸಿದರೆ, ಬಿಡಬಾರದು ಎಂದು ಬರೆದ ಕಾರ್ಡ್ ಎಲ್ಲಿತ್ತು ಎಂದು ಯಾರಾದರೂ ಕೇಳಬಹುದಿತ್ತು.

ಆಮೇಲೆ ಅವ್ವನನ್ನು ಕರೆದುಕೊಂಡು ಭಾಲ್ಕಿಗೆ ಬಂದು ಈ ಕೆಲಸಕ್ಕೆ ಸೇರಿದೆ. ಆ ಗುಳಿಗೆ ರಕ್ತನಾಳದೊಳಗೆ ಏನು ಮಾಡುತ್ತದೆ, ಒಮ್ಮೆ ಹೃದಯಕ್ಕೋ ಮಿದುಳಿಗೋ ಹೊಡೆತ ಬಿದ್ದವರು ಅದನ್ನು ಬಿಟ್ಟರೆ ಏನಾಗಬಹುದು ಎಂದು ಡಾಕ್ಟರು ಒಬ್ಬೊಬ್ಬ ರೋಗಿಗೆ ಹೇಳುವಾಗಲೂ ಪಕ್ಕದಲ್ಲಿ ನಿಂತು ಕೇಳಿದೆ. ಕಲಿತಷ್ಟೂ ಸಿಟ್ಟು ಹೆಚ್ಚಾಯಿತು. ಗುಳಿಗೆ ನುಂಗಿದ್ದರೆ ನಮ್ಮಪ್ಪ ಉಳಿಯುತ್ತಿದ್ದರೇ ಎಂದು ಒಮ್ಮೆ ಡಾಕ್ಟರನ್ನು ಕೇಳಿದೆ. ಗ್ಯಾರಂಟಿ ಹೇಳಲಾಗದು, ಅಪಾಯ ಕಡಿಮೆ ಆಗುತ್ತಿತ್ತು ಎಂದರು. ಗ್ಯಾರಂಟಿ ಇಲ್ಲ ಎಂಬ ಭಾಗವನ್ನು ನಾನು ಬೇಗ ಮರೆತೆ.

ಅಪ್ಪ ಹೋದ ಮುಂದಿನ ವರ್ಷ ಕಾಕಾನ ಮಗಳು ಮಾಯಾಳ ಲಗ್ನವಾಯಿತು. ಪಂಕ್ತಿಗೆ ಬಡಿಸುತ್ತಿದ್ದ ಕಾಕಾ ಅಡಿಗೆ ಕೋಣೆಗೆ ಸಾರು ತರಲು ಬಂದರು. ಅಲ್ಲಿ ಕಾಕಿ ಮತ್ತು ನಾನು ಇಬ್ಬರೇ ಇದ್ದೆವು. ಅವರ ಬಲಗೈಯಿಂದ ಸೌಟು ಜಾರಿತು. ಬಾಯಿ ಒಂದು ಕಡೆ ಎಳೆದುಕೊಂಡಿತು. ಏನೋ ಹೇಳಲು ಹೋದರು, ಮಾತು ಮುದ್ದೆಯಾಯಿತು. ಹತ್ತು ನಿಮಿಷ ಅಕ್ಕಿ ಚೀಲದ ಮೇಲೆ ಕೂಡಿಸಿದೆವು. ಆಮೇಲೆ ಎಲ್ಲ ಸರಿಯಾಯಿತು. ಪಿತ್ತ ಎಂದರು, ಹೊರಗೆ ಬಾಯಿ ಬಿಡಬೇಡಿ ಎಂದು ಇಬ್ಬರಿಗೂ ತಾಕೀತು ಮಾಡಿದರು. ಡಾಕ್ಟರಿಗೆ ತೋರಿಸಿರಿ ಎಂದು ನಾನು ಹೇಳಿದೆ. ನಿಜವಾಗಿಯೂ ಹೇಳಿದೆ, ಆಗ ನನ್ನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

“ನಿನ್ನ ಸಲಹಾ ನಿಮ್ಮಪ್ಪಗ ಸಾಕಾತು,” ಎಂದರು ಕಾಕಾ.

ಅವತ್ತಿನಿಂದ ನಾನೂ ಬಾಯಿ ಬಿಡಲಿಲ್ಲ.

ಅದಾಗಿ ಎರಡು ವರ್ಷ. ಈ ಜುಲೈಯಲ್ಲಿ ಅವರ ಶಾಲೆಯ ಇನ್ನೊಬ್ಬ ಮಾಸ್ತರ್ ಪಾಠ ಮಾಡುತ್ತಲೇ ಬಿದ್ದು ತೀರಿಕೊಂಡರು. ಮಗ ಗೌರವ ಹೆದರಿ, ಐವತ್ತಾರು ಆಯಿತು, ಒಮ್ಮೆ ಎಲ್ಲ ನೋಡಿಸೋಣ ಎಂದು ಕಾಕಾನನ್ನು ನಮ್ಮ ದವಾಖಾನೆಗೇ ಕರೆತಂದ. ಹೀಗೆ ಅವರು ನನ್ನ ಮೇಜಿನ ಎದುರು ಕೂತರು. ಗೌರವ ಲ್ಯಾಬಿನ ರಿಪೋರ್ಟ್ ತರಲು ಹೋಗಿದ್ದ.

ಸಕ್ಕರೆ ಇಲ್ಲ, ತಂಬಾಕು ಇಲ್ಲ. ಬಿಪಿ ಸ್ವಲ್ಪ ಮೇಲಿತ್ತು, ಎರಡು ಸಲ ನೋಡಿದೆ. ನಾಲ್ಕನೆಯ ಪ್ರಶ್ನೆ ಕೇಳಿದೆ. ಕಾಕಾ ಮೀಸೆಯ ಕೆಳಗೇ ನಕ್ಕರು.

“ಬರಿ. ಅಣ್ಣಗ ಇತ್ತು. ಗುಳಿಗಿ ತಿಂದು ತಿಂದು ಸತ್ತ, ಅದನ್ನೂ ಬರಿ.”

ಅಣ್ಣ, 54 ಎಂದಷ್ಟೇ ಬರೆದೆ. ಐದನೆಯ ಪ್ರಶ್ನೆಯನ್ನು ಬೇರೆ ಯಾರಿಗೂ ಓದದಷ್ಟು ನಿಧಾನವಾಗಿ, ಪೂರ್ತಿಯಾಗಿ ಓದಿದೆ. ಮುಖ ಸೊಟ್ಟಗಾಗಿ, ಕೈಯ ಶಕ್ತಿ ಹೋಗಿ, ಮಾತು ತೊದಲಿ. ಓದಿ ಅವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು.

“ಇಲ್ಲ.”

“ಐದು ನಿಮಿಷ ಸುದ್ದಾ?”

“ಇಲ್ಲ ಅಂದೆನಲ್ಲ. ಬರಿ.”

ಬರೆದೆ. ಇಲ್ಲ. ಪೆನ್ಸಿಲ್ ಅಲ್ಲೇ ಮೇಜಿನ ಮೇಲಿತ್ತು. ಅದನ್ನು ಎತ್ತಿ ಡ್ರಾವರಿನಲ್ಲಿ ಹಾಕಿ ಮುಚ್ಚಿದೆ.

ಒಳಗೆ ಡಾಕ್ಟರು ಕಾಗದ ನೋಡಿದರು, ರಿಪೋರ್ಟ್ ನೋಡಿದರು. ಕೆಟ್ಟ ಕೊಲೆಸ್ಟ್ರಾಲ್ ನೂರಾ ಹನ್ನೆರಡು. ಅಣ್ಣನ ವಿಷಯ ಇದೆ, ಹುಷಾರಾಗಿರಬೇಕು, ಆದರೆ ಈಗಲೇ ಕೊಲೆಸ್ಟ್ರಾಲ್ ಗುಳಿಗೆ ಬೇಡ, ಉಪ್ಪು ಎಣ್ಣೆ ಕಡಿಮೆ ಮಾಡಿ, ನಡೆಯಿರಿ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು. ಆ ಕಾಗದಕ್ಕೆ ಅದು ಸರಿಯಾದ ಚೀಟಿಯೇ. ಕಾಕಾ ಹೊರಗೆ ಬಂದು ಆ ಚೀಟಿಯನ್ನು ನನ್ನ ಮೇಜಿನ ಮೇಲೆ ಹರಡಿ, ಬೆರಳಿನಿಂದ ತಟ್ಟಿದರು.

“ನೋಡು. ನಿಮ್ಮ ಡಾಕ್ಟರೂ ಗುಳಿಗಿ ಬ್ಯಾಡ ಅಂದ್ರು. ಇದನ್ನ ನಿಮ್ಮವ್ವಗ ಹೇಳು.”

“ಛಲೋ ಆತ್ರಿ ಕಾಕಾ,” ಎಂದೆ.

ಅಷ್ಟು ಮೆತ್ತಗೆ ನಾನು ಅವರೊಂದಿಗೆ ಎಂದೂ ಮಾತಾಡಿರಲಿಲ್ಲ.

ಆಮೇಲಿನ ಮೂರು ನಾಲ್ಕು ದಿನ ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ರೋಗಿಗಳ ತೂಕ ನೋಡುವಾಗ, ಕಾಕಾನ ಕೈಯಿಂದ ಸೀಮೆಸುಣ್ಣ ಜಾರಿ ಬೀಳುವುದು ಕಣ್ಣಿಗೆ ಕಟ್ಟುತ್ತಿತ್ತು. ಅವರು ಹಲಗೆಯ ಮುಂದೆ ನಿಂತು ಒಂದು ಶಬ್ದ ಹೇಳಲಾಗದೆ ಬಾಯಿ ಆಡಿಸುತ್ತಿರುವುದು, ಹುಡುಗರು ಮೊದಲು ನಗುವುದು, ಆಮೇಲೆ ನಗು ನಿಲ್ಲಿಸುವುದು. ಯಾರ ಬಾಯಿಂದ ಬಂದದ್ದೇ ಕಾಗದದ ಅರ್ಥ ಎನಿಸಿಕೊಳ್ಳುತ್ತಿತ್ತೋ ಆ ಬಾಯಿ. ನಾನು ಏನೂ ಮಾಡಿರಲಿಲ್ಲ. ಕೇಳಿದೆ, ಅವರು ಹೇಳಿದರು, ಬರೆದೆ.

ಐದನೆಯ ದಿನ ಕಪಾಟಿನಿಂದ ಅವರ ಕಾಗದ ತೆಗೆದು ನೋಡಿದೆ. ಅಕ್ಷರ ಚೆನ್ನಾಗಿತ್ತು. ಎಲ್ಲ ಕಾಗದದ ಕೆಳಗೆ ಇರುವಂತೆ ಅದರ ಕೆಳಗೂ ನನ್ನ ಸಹಿ ಇತ್ತು. ಡಾಕ್ಟರು ತೀರ್ಮಾನ ಮಾಡಿದ್ದು ಆ ಸಹಿಯನ್ನು ನಂಬಿ. ಕಾಕಾ ನನಗೆ ಸುಳ್ಳು ಹೇಳಿದರು, ನಾನು ಆ ಸುಳ್ಳನ್ನು ತಿಳಿದೂ ಡಾಕ್ಟರಿಗೆ ದಾಟಿಸಿದೆ. ಹಾಗೆಂದು ನನಗೇ ಹೇಳಿಕೊಂಡೆ. ಆದರೂ ಒಳಗೆ ಹೋಗಿ ಹೇಳುವ ಧೈರ್ಯ ಬರಲಿಲ್ಲ. ಇನ್ನೂ ಆರು ದಿನ ಕಳೆದೆ. ದಿನವೂ ಕಾಗದ ತೆಗೆದು ನೋಡಿ ಇಡುತ್ತಿದ್ದೆ.

ಕೊನೆಗೆ ನನ್ನನ್ನು ಒಳಗೆ ತಳ್ಳಿದ್ದು ಒಳ್ಳೆಯತನ ಎಂದು ಹೇಳಲಾರೆ. ಒಂದು ಮಧ್ಯಾಹ್ನ, ಪಾರ್ಶ್ವವಾಯು ಹೊಡೆದ ಒಬ್ಬ ಮುದುಕರನ್ನು ಮಗ ಕರೆತಂದ. ನಾನು ಹೆಸರು ಕೇಳಿದರೆ ಅವರು ಊ ಊ ಎಂದರು. ಆಗ ಹೊಳೆಯಿತು. ಕಾಕಾನಿಗೆ ಹೀಗಾದರೆ ಜನ ಏನನ್ನುತ್ತಾರೆ? ಡಾಕ್ಟರ ಮಾತು ಕೇಳಿ ನಡೆಯುತ್ತಿದ್ದ ಮನುಷ್ಯ, ಪಾಪ ಎನ್ನುತ್ತಾರೆ. ಡಾಬಕಾದಲ್ಲಿ ಅಂದು ಆಡಿದ ಮಾತು ಹಾಗೇ ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಆ ಮಾತನ್ನು ಅದೇ ಬಾಯಿಂದ, ಅದೇ ನಲವತ್ತು ಜನರ ಎದುರು ಹಿಂದಕ್ಕೆ ತೆಗೆಸುವುದು. ಬಾಯೇ ಹೋದರೆ ಯಾರಿಂದ ಹೇಳಿಸಲಿ?

ಅಂದು ಸಂಜೆ ದವಾಖಾನೆ ಖಾಲಿಯಾದ ಮೇಲೆ ಡಾಕ್ಟರಿಗೆ ಎಲ್ಲ ಹೇಳಿದೆ. ಲಗ್ನದ ದಿನದ್ದು, ನಮ್ಮಪ್ಪನದ್ದು, ಡ್ರಾವರಿಗೆ ಹಾಕಿದ ಪೆನ್ಸಿಲ್ಲಿನದ್ದು. ಅವರು ಬೈಯುತ್ತಾರೆಂದು ಕಾದೆ. ಕನ್ನಡಕ ತೆಗೆದು ಒರೆಸಿದರು.

“ಎಷ್ಟು ದಿನ ಆತು?”

“ಹನ್ನೊಂದ್ರಿ.”

“ಹನ್ನೊಂದು ದಿನ ಆ ಮನಷ್ಯಾ ನನ್ನ ತಪ್ಪು ಚೀಟಿ ಕಿಸೆದಾಗ ಇಟ್ಕೊಂಡು ತಿರುಗ್ಯಾನ. ನಿನ್ನ ಜಗಳಕ್ಕ ನನ್ನ ಪೆನ್ನು ಯಾಕ ಬಳಸಿದಿ?”

ಒಮ್ಮೆ ಹಾಗಾದವರಿಗೆ ಅಂಕಿ ನೂರಾ ಹನ್ನೆರಡೇ ಇರಲಿ, ಇನ್ನೂ ಕಡಿಮೆ ಇರಲಿ, ಆ ಗುಳಿಗೆ ಬೇಕೇ ಬೇಕು, ರಕ್ತ ತೆಳು ಮಾಡುವ ಗುಳಿಗೆಯೂ ಬೇಕು, ಕುತ್ತಿಗೆಯ ರಕ್ತನಾಳದ ಸ್ಕ್ಯಾನ್ ಆಗಬೇಕು ಎಂದು ಹೇಳಿ, ಡಾಕ್ಟರು ಅಲ್ಲೇ ಕಾಕಾಗೆ ಫೋನ್ ಹಚ್ಚಿದರು. ಕಾಕಾ ಒಪ್ಪಲಿಲ್ಲ. ಯಾರೋ ಆಗದವರು ನಿಮಗೆ ಸುಳ್ಳು ಹೇಳಿದ್ದಾರೆ, ಗುಳಿಗೆ ಬೇಡ ಎಂದು ನೀವೇ ಬರೆದ ಚೀಟಿ ನನ್ನ ಹತ್ತಿರ ಇದೆ ಎಂದರಂತೆ. ಮರುದಿನ ಮತ್ತೆ ಕರೆದರೆ ಫೋನ್ ಎತ್ತಲಿಲ್ಲ. ಗೌರವನಿಗೆ ಹೇಳಿದರೆ, ಅಪ್ಪ ಹಾಗೆ ಏನೂ ಆಗಿಲ್ಲ ಅನ್ನುತ್ತಾರೆ ಎಂದ.

ನಿಮ್ಮ ಕಾಕಾ ಬರುವ ತನಕ ನೀನು ತೂಕದ ಯಂತ್ರದ ಹತ್ತಿರ ಕೂಡು, ಕಾಗದ ಮುಟ್ಟಬೇಡ ಎಂದರು ಡಾಕ್ಟರು. ಅವರನ್ನು ಕರೆತರುವುದು ನಿನ್ನ ಜವಾಬ್ದಾರಿ ಎಂದೂ ಹೇಳಿದರು.

ಮುಂದಿನ ಭಾನುವಾರ ಅಪ್ಪನ ಮೂರನೆಯ ಪುಣ್ಯಸ್ಮರಣೆ. ಅವ್ವ ಮತ್ತು ನಾನು ಬೆಳಗಿನ ಬಸ್ಸಿಗೆ ಔರಾದಕ್ಕೆ ಹೋಗಿ, ಅಲ್ಲಿಂದ ಡಾಬಕಾ ತಲುಪಿದೆವು. ವಿಹಾರದ ಒಳಗೆ ಜಮಖಾನೆ ಹಾಸಿತ್ತು. ಬುದ್ಧನ ಮೂರ್ತಿಯ ಪಕ್ಕದಲ್ಲಿ ಅಪ್ಪನ ಫೋಟೊ, ಮುಂದೆ ಮೇಣದಬತ್ತಿ. ಅಂದು ಇದ್ದವರೇ ಬಹಳ ಮಂದಿ ಇದ್ದರು. ನನ್ನ ಚೀಲದಲ್ಲಿ ಆ ನಾಲ್ಕು ಪಟ್ಟಿ ಇದ್ದವು. ಬಸ್ಸಿನಲ್ಲಿ ಹತ್ತು ಸಲ ಮುಟ್ಟಿ ನೋಡಿದ್ದೆ.

ನಮ್ಮಲ್ಲಿ ಇಂಥ ದಿನ ಪಂಚಶೀಲ ಹೇಳಿಸುವವರು ಕಾಕಾನೇ. ಬಿಳಿ ಅಂಗಿ ಹಾಕಿ, ಕೈ ಮುಗಿದು, ತರಗತಿಯಲ್ಲಿ ಹೇಳಿದಂತೆ ಸ್ಪಷ್ಟವಾಗಿ ಒಂದೊಂದೇ ಶೀಲ ಹೇಳಿದರು. ಜೀವ ತೆಗೆಯುವುದಿಲ್ಲ ಎಂದರು, ನಾವೂ ಅಂದೆವು. ನಾಲ್ಕನೆಯದು ಸುಳ್ಳು ಆಡುವುದಿಲ್ಲ ಎಂಬುದು. ಅದನ್ನೂ ಹೇಳಿಸಿದರು. ಅವರ ದನಿ ಎಲ್ಲಿಯೂ ತಡೆಯಲಿಲ್ಲ. ಮುಗಿದ ಮೇಲೆ ಅಣ್ಣನ ಬಗ್ಗೆ ಎರಡು ಮಾತು ಆಡಲು ನಿಂತರು. ಈಗಿನ ಕಾಲದಲ್ಲಿ ಗುಳಿಗೆಯೇ ಮನುಷ್ಯನನ್ನು ತಿನ್ನುತ್ತದೆ ಎಂದು ಶುರು ಮಾಡುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

“ಕಾಕಾ, ಈಗ ಹೇಳಿಸಿದ್ರಲ್ಲ, ನಾಲ್ಕನೇದು ಏನ್ರಿ ಅದು?”

ಮಾಸ್ತರಿಕೆಯ ರೂಢಿಯಲ್ಲಿ ಅವರು ತಟ್ಟನೆ ಉತ್ತರ ಕೊಟ್ಟರು. “ಸುಳ್ಳ ಆಡಬಾರದು.”

“ಹಂಗಾದ್ರ ಹೇಳ್ರಿ. ಮಾಯಾನ ಲಗ್ನದಾಗ, ಅಡಗಿ ಕೋಣ್ಯಾಗ, ನಿಮ್ಮ ಬಲಗೈಗೆ ಏನಾಗಿತ್ತು?”

ಕಾಕಾ ಕೂಡು ಎಂದರು. ನಾನು ಕೂಡಲಿಲ್ಲ. ಹೆಂಗಸರ ನಡುವೆ ಕೂತಿದ್ದ ಕಾಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಗೌರವ ಅವಳನ್ನೂ ಅಪ್ಪನನ್ನೂ ನೋಡಿದ.

“ಪಿತ್ತ ಆಗಿತ್ತು,” ಎಂದರು ಕಾಕಾ.

“ಪಿತ್ತಕ್ಕ ಬಾಯಿ ಸೊಟ್ಟ ಆಗ್ತದೇನ್ರಿ? ಮಾತು ನಿಂತುಹೋಗ್ತದೇನ್ರಿ?”

ಕಾಕಾ ಮೂರ್ತಿಯ ಕಡೆ ನೋಡಿದರು, ಮತ್ತೆ ನೆಲ ನೋಡಿದರು. ಆ ಹೊತ್ತಿಗಾಗಿ ನಾನು ಮೂರು ವರ್ಷ ಕಾದಿದ್ದೆ. ಎಷ್ಟು ಹೊತ್ತು ಸುಮ್ಮನಿರುತ್ತಾರೋ ಅಷ್ಟೂ ನನಗೆ ಬೇಕಿತ್ತು.

“ಆಗಿತ್ತು,” ಎಂದರು. “ಹತ್ತು ನಿಮಿಷ. ಕೈ ಹೋಗಿತ್ತು, ಮಾತು ಹೋಗಿತ್ತು.”

ಅಲ್ಲಿಗೆ ಸಾಕು ಮಾಡಬಹುದಿತ್ತು. ಡಾಕ್ಟರಿಗೆ ಬೇಕಾದದ್ದು ಅಷ್ಟೇ. ನನಗೆ ಅದು ಸಾಲಲಿಲ್ಲ. ನಾಲ್ಕು ಪಟ್ಟಿಗಳನ್ನು ತೆಗೆದು ಜಮಖಾನೆಯ ಮೇಲೆ, ಅಪ್ಪನ ಫೋಟೊದ ಮುಂದೆ ಸಾಲಾಗಿ ಇಟ್ಟೆ. ಒಂದೂ ಗುಳಿಗೆ ಒಡೆದಿರಲಿಲ್ಲ. ಅಪ್ಪ ಸಾಯುವಾಗ ಹದಿನಾಲ್ಕು ತಿಂಗಳಿಂದ ಆ ಗುಳಿಗೆ ಮುಟ್ಟಿರಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಬಿಡು ಎಂದವರು ಯಾರು ಎಂದು ಕೇಳಿದೆ.

“ನಾನು,” ಎಂದರು ಕಾಕಾ. ಆಮೇಲೆ ತಲೆ ಎತ್ತಿದರು. “ನಾ ಬಿಡು ಅಂದೆ, ಖರೇ. ಆದರ ನನ್ನ ಕೈಯಾಗ ಕೊಟ್ಟದ್ದು ಒಂದೇ ಕಾಗದ. ಅದರಾಗ ನಾರ್ಮಲ್ ಅಂತ ಇತ್ತು. ಬಿಡಬಾರದು ಅಂತ ದವಾಖಾನಿಯವರು ಬರದು ಕೊಟ್ಟಿರಬೇಕಲ್ಲ, ಆ ಕಾಗದ ಎಲ್ಲಿತ್ತು? ನೀನೂ ಶೀಲ ಹೇಳೀದಿ, ವಿಶಾಖಾ. ಹೇಳು.”

ಈ ಪ್ರಶ್ನೆಗೆ ನಾನು ಮೂರು ವರ್ಷ ಹೆದರಿದ್ದೆ. ಗೊತ್ತಿಲ್ಲ ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದಳು.

“ನನ್ನ ಫೈಲಿನಾಗಿತ್ತು,” ಎಂದೆ. “ಬೀದರನಾಗ. ಕೋರ್ಸ್ ಮುಗೀತಾ ಅಂತ ಅಪ್ಪ ನನಗ ಕೇಳಿದ್ದ. ನಾ ಕಾಕಾಗ ಕೇಳು ಅಂದೆ.”

ಅವ್ವ ಎದ್ದಳು. ನನ್ನ ಕಡೆ ಬರಲಿಲ್ಲ. ಜಮಖಾನೆಯ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಸೆರಗಿನಲ್ಲಿ ಹಾಕಿಕೊಂಡು, ಕಾಕಾನ ಮುಂದೆ ಹೋಗಿ ನಿಂತಳು.

“ಇಬ್ಬರೂ ಓದಿದವರು. ನಿಮ್ಮಿಬ್ಬರ ನಡುವ ನನ್ನ ಮನಷ್ಯಾ ಹೋದ. ಕೈಲಾಶ ಮಾಸ್ತರ್, ನಾಳಿ ದವಾಖಾನಿಗೆ ಹೋಗ್ರಿ. ನನ್ನ ನೆಗೆಣ್ಣಿ ನನ್ಹಂಗ ಆಗೂದು ಬ್ಯಾಡ.”

ಕಾಕಾ ಸೋಮವಾರ ಹತ್ತು ಗಂಟೆಗೆ ಬಂದರು. ಗೌರವ, ಕಾಕಿ ಇಬ್ಬರೂ ಜೊತೆಗಿದ್ದರು. ಡಾಕ್ಟರು ನನ್ನನ್ನು ತೂಕದ ಯಂತ್ರದ ಹತ್ತಿರದಿಂದ ಕರೆದು ಹೊಸ ಕಾಗದ ಕೊಟ್ಟರು. ಐದನೆಯ ಪ್ರಶ್ನೆಗೆ ಹೌದು ಎಂದು ಬರೆದು, ಕೈ ಯಾವುದು, ಎಷ್ಟು ನಿಮಿಷ, ಎಷ್ಟು ವರ್ಷದ ಹಿಂದೆ ಎಂದೆಲ್ಲ ಕೇಳಿ ತುಂಬಿದೆ. ಕಾಕಾ ಒಂದೊಂದಕ್ಕೂ ಉತ್ತರ ಕೊಟ್ಟರು. ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಬೀದರಿನಲ್ಲಿ ಸ್ಕ್ಯಾನ್ ಆಯಿತು. ಕುತ್ತಿಗೆಯ ಎಡಗಡೆಯ ರಕ್ತನಾಳ ಸ್ವಲ್ಪ ಕಟ್ಟಿತ್ತು, ಆಪರೇಷನ್ ಬೇಕಾಗುವಷ್ಟು ಇರಲಿಲ್ಲ. ಡಾಕ್ಟರು ಎರಡು ಗುಳಿಗೆ ಬರೆದರು. ಕೊಲೆಸ್ಟ್ರಾಲಿನದ್ದು ನಮ್ಮಪ್ಪ ನುಂಗುತ್ತಿದ್ದದ್ದೇ, ಅದೇ ಹೆಸರು. ಚೀಟಿಯ ಮೇಲೆ ಜೀವನಪೂರ್ತಿ ಎಂದು ಕನ್ನಡದಲ್ಲಿ ಬರೆದು, ಕೆಳಗೆ ಗೆರೆ ಎಳೆದರು. ಕಾಲು ನೋವು ಬಂದರೆ ಬಿಡದೆ ಬಂದು ಹೇಳಬೇಕು, ಬದಲಾಯಿಸಲು ದಾರಿ ಇದೆ ಎಂದರು. ದಿನಾ ನುಂಗಿದ್ದನ್ನು ನೋಡುವವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಗೌರವ ಕಲಬುರಗಿಯಲ್ಲಿ ಕೆಲಸದಲ್ಲಿದ್ದಾನೆ. ಕಾಕಾನಿಗೆ ಎದುರು ಹೇಳುವ ರೂಢಿ ಕಾಕಿಗೆ ಇಲ್ಲ.

ನಾನು ಫೋನ್ ಮಾಡುತ್ತೇನೆ ಎಂದೆ. ಡಾಕ್ಟರು ಆಗಲಿ ಎಂದರು.

ನನಗೆ ಅವರ ಮೇಲೆ ಕರುಣೆ ಬಂದಿದೆ ಎಂದು ಕಾಕಿ ತಿಳಿದಿದ್ದಾಳೆ. ಹಾಗಲ್ಲ. ಅವರು ಸಾಯುವುದು ನನಗೆ ಬೇಡ. ಎಪ್ಪತ್ತು, ಎಂಬತ್ತು ವರ್ಷ ಬದುಕಬೇಕು. ಅಷ್ಟೂ ವರ್ಷ, ಪ್ರತಿ ಸಂಜೆ ಏಳೂವರೆಗೆ, ನಮ್ಮಪ್ಪನಿಗೆ ಬಿಡಿಸಿದ ಗುಳಿಗೆಯನ್ನು ನನ್ನ ಮಾತಿನ ಮೇಲೆ ನುಂಗಬೇಕು. ಇದು ತಪ್ಪೋ ಸರಿಯೋ ಎಂದು ಯೋಚಿಸುತ್ತೇನೆ, ತೀರ್ಮಾನ ಆಗುವುದಿಲ್ಲ, ಅಷ್ಟರಲ್ಲಿ ಏಳೂವರೆ ಆಗುತ್ತದೆ. ಅವ್ವ ಈಗ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಾಳೆ. ಆದರೆ ನಾನು ಫೋನ್ ಹಚ್ಚಿದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಾಳೆ.

ಮೊದಲಿನ ಆರು ದಿನ ಕಾಕಾ ಆಯ್ತು ಎಂದಷ್ಟೇ ಹೇಳಿ ಇಟ್ಟರು. ಏಳನೆಯ ದಿನವೂ ಆಯ್ತು ಎಂದರು. ಯಾಕೋ ನನಗೆ ನಂಬಿಕೆ ಬರಲಿಲ್ಲ. ಕೊಲೆಸ್ಟ್ರಾಲ್ ಗುಳಿಗೆಯದು ಹದಿನೈದರ ಪಟ್ಟಿ. ಪಟ್ಟಿ ಕೈಯಲ್ಲಿ ಹಿಡಿದು ಎಷ್ಟು ಉಳಿದಿವೆ ನೋಡಿರಿ ಎಂದೆ.

“ಒಂಬತ್ತು.”

“ಎಂಟು ಇರಬೇಕ್ರಿ ಕಾಕಾ.”

ಎಣಿಸುವುದು ತಪ್ಪಿರಬೇಕು ಎಂದರು. ಮತ್ತೆ ಎಣಿಸಿರಿ ಎಂದೆ. ಒಂದು, ಎರಡು, ಮೂರು ಎಂದು ಎಣಿಸತೊಡಗಿದರು, ಸಣ್ಣ ಮಕ್ಕಳಿಗೆ ಹೇಳಿಕೊಡುವ ಹಾಗೆ, ಒಂದೊಂದಾಗಿ. ಒಂಬತ್ತಕ್ಕೆ ಬಂದು ನಿಂತರು. ನಾನು ಫೋನ್ ಇಡಲಿಲ್ಲ. ಆ ಕಡೆ ಪಟ್ಟಿ ಚಿಟ್ ಎಂದು ಒಡೆಯಿತು. ತಂಬಿಗೆ ಎತ್ತಿದ ಸದ್ದು, ನೀರು ಗಂಟಲಿಗಿಳಿದ ಸದ್ದು. ಆಮೇಲೆ ಅವರ ಉಸಿರು.

“ಎಂಟು,” ಎಂದರು.